ಸ್ಲೆಮೆಂತ್ಸೆ: ಗಡಿ ಸೀಳಿದ ಒಂದು ಗ್ರಾಮದ ಇತಿಹಾಸ ಮತ್ತು ಜನಸಂಖ್ಯೆ

ಸ್ಲೊವಾಕಿಯ ಗಣರಾಜ್ಯದ ಭೂಪಟದಲ್ಲಿ ಆಗ್ನೇಯ ಮೂಲೆಯನ್ನು ಸೂಕ್ಷ್ಮವಾಗಿ ನೋಡಿದರೆ, ಉಕ್ರೇನಿನ ಗಡಿಗೆ ಒತ್ತಿಕೊಂಡಂತೆ ವೆಲ್ಕೇ ಸ್ಲೆಮೆಂತ್ಸೆ ಎಂಬ ಹೆಸರು ಕಿರಿಯ ಅಕ್ಷರಗಳಲ್ಲಿ ಕಾಣಸಿಗುತ್ತದೆ. ಗಡಿಯ ಆಚೆಗೆ, ಮುದ್ರಣದಲ್ಲಿ ಎರಡು ಹೆಸರುಗಳೂ ಒಂದನ್ನೊಂದು ಮುಟ್ಟುವಷ್ಟು ಸಮೀಪದಲ್ಲಿ, ಮಾಲಿ ಸೆಲ್ಮೆಂತ್ಸಿ ಎಂಬ ಇನ್ನೊಂದು ಗ್ರಾಮವುಂಟು. ಮೊದಲನೆಯದರ ಜನಸಂಖ್ಯೆ ಆರುನೂರರ ಆಸುಪಾಸು. ಎರಡನೆಯದರದು ಇನ್ನೂರಕ್ಕೆ ಸ್ವಲ್ಪ ಹೆಚ್ಚುಕಡಮೆ. ‘ವೆಲ್ಕೇ’ ಎಂದರೆ ಹಿರಿಯದು, ‘ಮಾಲಿ’ ಎಂದರೆ ಕಿರಿಯದು. ಎರಡು ಗ್ರಾಮಗಳಲ್ಲಿಯೂ ಮನೆಮಾತು ಹಂಗೇರಿಯ ಮಗ್ಯಾರ್ ಭಾಷೆ. ಆ ಭಾಷೆಯಲ್ಲಿ ಇವುಗಳ ಹೆಸರು ನಾಜ್ ಸೆಲ್ಮೆಂತ್ಸ್ ಮತ್ತು ಕಿಶ್ ಸೆಲ್ಮೆಂತ್ಸ್. ಅರ್ಥ ಅದೇ.

ಇಷ್ಟು ಸಣ್ಣ ಊರನ್ನು ಕುರಿತು ಒಂದು ಲೇಖನವನ್ನು ಬರೆಯುವುದು ಅವಶ್ಯವೇ ಎಂಬ ಪ್ರಶ್ನೆ ಸಹಜವಾಗಿ ಏಳಬಹುದು. ಇಪ್ಪತ್ತನೆಯ ಶತಮಾನದ ಮಧ್ಯ ಯೂರೋಪಿನ ಇತಿಹಾಸವನ್ನು ತರಗತಿಯಲ್ಲಿ ಬೋಧಿಸುವವರು ತ್ರಿಯಾನೊನ್ ಕೌಲು, ವಿಯೆನ್ನ ತೀರ್ಪು, ಮಾಸ್ಕೋ ಒಡಂಬಡಿಕೆ ಎಂಬ ಹೆಸರುಗಳನ್ನೂ ಅವುಗಳ ತೇದಿಗಳನ್ನೂ ಹಲಗೆಯ ಮೇಲೆ ಬರೆದು ಮುಂದೆ ಸಾಗುತ್ತಾರೆ. ವಿದ್ಯಾರ್ಥಿಗಳು ಅವನ್ನು ಬಾಯಿಪಾಠ ಮಾಡುತ್ತಾರೆ. ಈ ಲೇಖಕನೂ ಕೆಲವು ವರ್ಷ ಹಾಗೆಯೇ ಮಾಡಿದವನು. ಅಂಥ ಒಂದೊಂದು ಕಾಗದವೂ ಒಂದು ಬೀದಿಯ ಮೇಲೆ, ಒಂದು ಮನೆತನದ ಮೇಲೆ ಏನನ್ನು ಮಾಡಿತೆಂಬುದನ್ನು ತಿಳಿಯಬೇಕಾದರೆ ಊರಿನ ಮಟ್ಟಕ್ಕೆ ಇಳಿಯಲೇಬೇಕು. ಹಾಗೆ ಇಳಿದು ನೋಡುವುದಕ್ಕೆ ಸ್ಲೆಮೆಂತ್ಸೆಯಷ್ಟು ಒದಗಿಬರುವ ಗ್ರಾಮ ಬೇರೆ ವಿರಳ. ಜೊತೆಗೆ, ಜನಸಂಖ್ಯೆಯ ಅಂಕಿಗಳನ್ನು ಇತಿಹಾಸಕಾರನು ಎಷ್ಟರಮಟ್ಟಿಗೆ ನಂಬಬಹುದು ಎಂಬ ವಿಚಾರವೂ ಇಲ್ಲಿ ಚೆನ್ನಾಗಿ ಪರೀಕ್ಷೆಗೆ ಒಳಪಡುತ್ತದೆ.

ಮೊದಲು ಭೂಮಿಯ ಸ್ಥಿತಿ. ಕಾರ್ಪೇಥಿಯನ್ ಪರ್ವತಗಳು ದಕ್ಷಿಣಕ್ಕೆ ಇಳಿದು ಮುಗಿಯುವೆಡೆಯಲ್ಲಿ ವಿಸ್ತಾರವಾದ ತಗ್ಗು ಬಯಲೊಂದು ಆರಂಭವಾಗುತ್ತದೆ. ಸಮುದ್ರಮಟ್ಟಕ್ಕಿಂತ ನೂರು ಮೀಟರಿಗೆ ಸ್ವಲ್ಪವೇ ಎತ್ತರದಲ್ಲಿರುವ ಈ ಬಯಲಿನಲ್ಲಿ ಉತ್ತರಕ್ಕೆ ಉಹ್ ನದಿ, ದಕ್ಷಿಣಕ್ಕೆ ಲಾತೊರಿತ್ಸ ನದಿ ಹರಿಯುತ್ತವೆ. ಮಣ್ಣು ಭಾರವಾದುದು; ಹಿಂದಿನ ಕಾಲದಲ್ಲಿ ಹಿಮ ಕರಗುವ ತಿಂಗಳುಗಳಲ್ಲಿ ನೀರು ಹೊಲಗಳ ಮೇಲೆ ನಿಲ್ಲುತ್ತಿತ್ತು. ಗೋದಿ, ಜೋಳ, ದನಕರು ಇವೇ ಜೀವನಾಧಾರ. ಈ ಬಯಲಿನ ಮುಖ್ಯ ಪಟ್ಟಣ ಉಜ್ಗೊರೊದ್. ಮಗ್ಯಾರರಿಗೆ ಅದು ಉಂಗ್ವಾರ್. ಅದು ಗ್ರಾಮದ ಈಶಾನ್ಯಕ್ಕೆ, ಒಂದು ದಿನದಲ್ಲಿ ಗಾಡಿಯಲ್ಲಿ ಹೋಗಿ ಬರಬಹುದಾದ ದೂರದಲ್ಲಿದೆ. ಬೆಟ್ಟದ ಕಡೆಯ ರುಸಿನ್ ಜನರು, ವಾಯವ್ಯದ ಸ್ಲೊವಾಕರು, ಬಯಲಿನ ಮಗ್ಯಾರರು, ಪಟ್ಟಣದ ಯೆಹೂದಿಯರು ಎಲ್ಲರೂ ಈ ಸಂತೆಯಲ್ಲಿ ಸೇರುತ್ತಿದ್ದರು. ಗ್ರಾಮದ ಮುಖವು ಶತಮಾನಗಳ ಕಾಲ ಆ ಪಟ್ಟಣದತ್ತ ತಿರುಗಿತ್ತೆಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದೇ ಮುಖ್ಯವಾಗುತ್ತದೆ.

ಬರಹದಲ್ಲಿ ಗ್ರಾಮದ ಹೆಸರು ಮೊದಲು ಕಾಣಿಸಿಕೊಳ್ಳುವುದು ೧೩೩೨ ರಲ್ಲಿ. ಅದು ಹಂಗೇರಿಯ ರಾಜ್ಯದ ಉಂಗ್ ಜಿಲ್ಲೆಗೆ ಸೇರಿತ್ತು. ಆ ಕಾಲದಲ್ಲಿ ಉಂಗ್ವಾರಿನ ಕೋಟೆಯನ್ನು ಪಡೆದಿದ್ದವರು ದ್ರುಗೆತ್ ಎಂಬ ಮನೆತನದವರು. ನೇಪಲ್ಸಿನಿಂದ ದೊರೆಯ ಜೊತೆಯಲ್ಲಿ ಬಂದ ಈ ವಂಶ ೧೬೮೪ ರಲ್ಲಿ ಪುರುಷ ಸಂತತಿಯಿಲ್ಲದೆ ಕೊನೆಗೊಂಡಿತು. ೧೭೦೩ ರಿಂದ ೧೭೧೧ ರವರೆಗೆ ನಡೆದ ರಾಕೊತ್ಸಿಯ ದಂಗೆ, ಅದರ ಕೊನೆಯಲ್ಲಿ ಬಂದೆರಗಿದ ಪ್ಲೇಗು ಇವು ಈ ಸೀಮೆಯ ಅನೇಕ ಗ್ರಾಮಗಳನ್ನು ಬರಿದು ಮಾಡಿದವು. ೧೭೧೫ ರಲ್ಲಿ ಹಂಗೇರಿಯ ಅಧಿಕಾರಿಗಳು ತೆರಿಗೆಗಾಗಿ ಒಕ್ಕಲುಗಳನ್ನು ಎಣಿಸಿದಾಗ, ಎಣಿಸಿದ್ದು ಜನರನ್ನಲ್ಲ, ತೆರಿಗೆ ತೆರುವ ಮನೆಗಳನ್ನು. ಹೆಂಗಸರು, ಮಕ್ಕಳು, ಆಳುಗಳು ಅಂಥ ಪಟ್ಟಿಗಳ ಹೊರಗೆ ಉಳಿದರು. ಸಾಮಾನ್ಯ ಜನರೆಲ್ಲರನ್ನೂ ತಲೆಯೆಣಿಸುವ ಪ್ರಯತ್ನ ಎರಡನೆಯ ಜೋಸೆಫ್ ಚಕ್ರವರ್ತಿಯ ಕಾಲದಲ್ಲಿ, ೧೭೮೪ ರಿಂದ ೧೭೮೭ ರವರೆಗೆ ನಡೆಯಿತು. ಅದಕ್ಕೆ ಮುಖ್ಯ ಪ್ರೇರಣೆ ಸೈನ್ಯಕ್ಕೆ ಗಂಡಾಳುಗಳು ಎಷ್ಟು ಸಿಕ್ಕಾರೆಂಬುದು. ಖಾನೇಷುಮಾರಿಯೆಂದು ನಾವು ಕರೆಯಬಹುದಾದ ಆಧುನಿಕ ರೀತಿಯ ಜನಗಣತಿ ಹಂಗೇರಿಯಲ್ಲಿ ಆದದ್ದು ೧೮೬೯ ರಲ್ಲಿ. ಮಾತೃಭಾಷೆಯ ಪ್ರಶ್ನೆ ಸೇರಿದ್ದು ಅದರ ಮುಂದಿನ ೧೮೮೦ ರ ಗಣತಿಯಲ್ಲಿ. ಹೀಗೆ ಒಂದೊಂದು ಎಣಿಕೆಯ ಹಿಂದೆಯೂ ಎಣಿಸುವವನ ಒಂದು ಉದ್ದೇಶವಿತ್ತು.

ಹತ್ತೊಂಬತ್ತನೆಯ ಶತಮಾನದ ಸಂಕಟಗಳು ಈ ಸೀಮೆಗೆಲ್ಲ ಸಾಮಾನ್ಯವಾದವು. ೧೮೩೧ ರ ಕಾಲರಾದಲ್ಲಿ, ರೋಗ ತಡೆಯಲೆಂದು ಬಾವಿಗಳಿಗೆ ಹಾಕಿಸಿದ ಮದ್ದನ್ನು ಜಮೀನ್ದಾರರು ಇಟ್ಟ ವಿಷವೆಂದು ನಂಬಿ ಪೂರ್ವ ಜಿಲ್ಲೆಗಳ ರೈತರು ದಂಗೆಯೆದ್ದರು. ಅದನ್ನು ಕ್ರೂರವಾಗಿ ಅಡಗಿಸಲಾಯಿತು. ೧೮೪೮ ರಲ್ಲಿ ಜೀತದ ಒಕ್ಕಲುತನ ರದ್ದಾಯಿತು. ಆದರೆ ಭೂಮಿ ಎಲ್ಲರಿಗೂ ಸಾಲದಾಯಿತು; ೧೮೭೦ ರ ಅನಂತರ ಈ ಪೂರ್ವ ಜಿಲ್ಲೆಗಳಿಂದ ಸಾವಿರ ಸಾವಿರ ಮಂದಿ ಅಮೆರಿಕದ ಪೆನ್ಸಿಲ್ವೇನಿಯ, ಒಹೈಯೊ ಪ್ರಾಂತಗಳ ಗಣಿಗಳಿಗೂ ಉಕ್ಕಿನ ಕಾರ್ಖಾನೆಗಳಿಗೂ ಹೊರಟುಹೋದರು. ಈ ಲೇಖನದ ದೃಷ್ಟಿಯಿಂದ ಇವೆಲ್ಲ ಪೀಠಿಕೆ ಮಾತ್ರ.

ಇಲ್ಲಿ ಒಂದು ಅಂಶವನ್ನು ಸ್ಪಷ್ಟಪಡಿಸಬೇಕು. ಪತ್ರಿಕೆಗಳಲ್ಲಿಯೂ ಜನಪ್ರಿಯ ಬರಹಗಳಲ್ಲಿಯೂ ಸ್ಲೆಮೆಂತ್ಸೆಯನ್ನು ‘ಎರಡಾಗಿ ಸೀಳಿದ ಒಂದೇ ಗ್ರಾಮ’ ಎಂದು ವರ್ಣಿಸುವುದು ರೂಢಿಯಾಗಿದೆ. ದಾಖಲೆಗಳ ಪ್ರಕಾರ ಇದು ಪೂರ್ತಿ ನಿಖರವಲ್ಲ. ಹಂಗೇರಿಯ ಆಡಳಿತದಲ್ಲಿಯೇ ಹಿರಿಯ ಮತ್ತು ಕಿರಿಯ ಸೆಲ್ಮೆಂತ್ಸ್ ಎಂಬ ಎರಡು ಗ್ರಾಮಗಳನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಲಾಗುತ್ತಿತ್ತು. ಈ ಕಾರಣದಿಂದ, ಸೀಳಿದ ಕಥೆ ಬರಿಯ ಭಾವುಕತೆಯೆಂದು ತಳ್ಳಿಹಾಕುವವರೂ ಇದ್ದಾರೆ. ಅದು ಈ ಲೇಖಕನಿಗೆ ಒಪ್ಪಿಗೆಯಾಗದು. ತೆರಿಗೆಯ ಪುಸ್ತಕದಲ್ಲಿ ಎರಡು ಹೆಸರಿದ್ದರೂ ಬೀದಿ ಒಂದೇ. ಹಿರಿಯ ಊರಿನ ಕೊನೆಯ ಮನೆಯ ಮುಂದೆ ನಡೆದ ದಾರಿಯೇ ಕಿರಿಯ ಊರಿನ ಮೊದಲ ಮನೆಯ ಮುಂದೆಯೂ ಹಾಯುತ್ತಿತ್ತು. ಹೆಣ್ಣು ಕೊಡುವುದು, ತರುವುದು, ಹೊಲದ ಹಂಚಿಕೆ, ಮದುವೆಯೂಟ, ಮಣ್ಣು ಕೊಡುವುದು ಎಲ್ಲವೂ ಎರಡು ಊರುಗಳಿಗೂ ಕೂಡಿಯೇ ನಡೆದವು. ಗ್ರಾಮವೆಂದರೆ ಕಂದಾಯದ ಘಟಕವೆಂದು ತಿಳಿದರೆ ಎರಡು. ಬಾಳುವೆಯ ಘಟಕವೆಂದು ತಿಳಿದರೆ ಒಂದು. ಎರಡನೆಯ ಅರ್ಥದಲ್ಲಿಯೇ ಇಲ್ಲಿ ಆ ಪದವನ್ನು ಬಳಸಲಾಗಿದೆ.

೧೯೧೦ ರ ಗಣತಿ ಆಸ್ಟ್ರಿಯ-ಹಂಗೇರಿ ಸಾಮ್ರಾಜ್ಯದ ಕಡೆಯ ಗಣತಿ. ಆಗ ಎರಡು ಊರುಗಳಲ್ಲಿಯೂ ಮಗ್ಯಾರ್ ಮಾತೃಭಾಷೆಯವರೇ ಬಹುಸಂಖ್ಯಾತರು. ಮೊದಲನೆಯ ಮಹಾಯುದ್ಧದಲ್ಲಿ ಸಾಮ್ರಾಜ್ಯ ಕುಸಿಯಿತು. ಹೊಸದಾಗಿ ಹುಟ್ಟಿದ ಜೆಕೊಸ್ಲೊವಾಕಿಯದ ಸೈನ್ಯ ಈ ಬಯಲನ್ನು ಹಿಡಿಯಿತು. ೧೯೨೦ ರ ಜೂನ್ ೪ ರಂದು ತ್ರಿಯಾನೊನ್ ಅರಮನೆಯಲ್ಲಿ ರುಜುವಾದ ಕೌಲು ಆ ಸ್ಥಿತಿಯನ್ನು ಕಾನೂನಾಗಿ ಮಾಡಿತು. ಎರಡು ಊರುಗಳೂ ಒಟ್ಟಿಗೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋದವು. ರಾಜಧಾನಿ ಬುಡಾಪೆಸ್ಟಿಗೆ ಬದಲು ಪ್ರಾಗ್ ಆಯಿತು, ನಾಣ್ಯ ಬದಲಾಯಿತು, ಕಚೇರಿಯ ಭಾಷೆ ಬದಲಾಯಿತು. ಆದರೂ ಬೀದಿ ಬೀದಿಯಾಗಿಯೇ ಉಳಿಯಿತು. ಉಜ್ಗೊರೊದಿನ ಸಂತೆಯ ದಾರಿಯೂ ತೆರೆದೇ ಇತ್ತು.

೧೯೩೮ ರ ನವೆಂಬರ್ ೨ ರಂದು ಜರ್ಮನಿಯ ರಿಬ್ಬೆನ್‌ಟ್ರಾಪ್, ಇಟಲಿಯ ಚಿಯಾನೊ ಇಬ್ಬರೂ ವಿಯೆನ್ನದಲ್ಲಿ ಕುಳಿತು, ದಕ್ಷಿಣ ಸ್ಲೊವಾಕಿಯವನ್ನೂ ಉಜ್ಗೊರೊದ್ ಸೇರಿದಂತೆ ಕಾರ್ಪೇಥಿಯದ ಬಯಲನ್ನೂ ಹಂಗೇರಿಗೆ ಹಿಂದಿರುಗಿಸುವ ತೀರ್ಪು ಕೊಟ್ಟರು. ಸ್ಲೆಮೆಂತ್ಸೆ ಮತ್ತೆ ಹಂಗೇರಿಯದಾಯಿತು. ಇಲ್ಲಿ ಗಣತಿಗಳ ಸ್ವಭಾವವನ್ನು ತೋರುವ ಒಂದು ಸಂಗತಿಯಿದೆ. ಹಸ್ತಾಂತರವಾದ ಸ್ಲೊವಾಕ್ ಪ್ರದೇಶದಲ್ಲಿ ಮಗ್ಯಾರರ ಪ್ರಮಾಣ ೧೯೩೦ ರ ಜೆಕೊಸ್ಲೊವಾಕ್ ಗಣತಿಯಂತೆ ಶೇಕಡ ಅರುವತ್ತಕ್ಕೆ ಕಡಮೆ. ಅದೇ ನೆಲವನ್ನು ಹಂಗೇರಿಯ ಅಧಿಕಾರಿಗಳು ಎಣಿಸಿದಾಗ ಅದು ಶೇಕಡ ಎಂಬತ್ತನ್ನು ಮೀರಿತು. ಇದಕ್ಕೆ ಕಾರಣಗಳಿವೆ. ಜೆಕೊಸ್ಲೊವಾಕ್ ಗಣತಿ ಭಾಷೆಯ ಬದಲು ‘ರಾಷ್ಟ್ರೀಯತೆ’ಯನ್ನು ಕೇಳಿತ್ತು, ಯೆಹೂದಿಯರು ತಮ್ಮನ್ನು ಯೆಹೂದಿ ರಾಷ್ಟ್ರೀಯರೆಂದು ಬರೆಸಬಹುದಾಗಿತ್ತು. ಹಂಗೇರಿಯ ಗಣತಿಯಲ್ಲಿ ಮಗ್ಯಾರ್ ಮಾತನಾಡುವ ಯೆಹೂದಿಯೂ ಮಗ್ಯಾರರ ಲೆಕ್ಕಕ್ಕೆ ಬಂದನು. ೧೯೨೦ ರ ಮೇಲೆ ಬಂದಿದ್ದ ಜೆಕ್ ಮತ್ತು ಸ್ಲೊವಾಕ್ ನೌಕರರೂ ನೆಲಸಿಗರೂ ಹೊರಟುಹೋಗಿದ್ದರು. ಎರಡು ಮಾತುಗಳನ್ನೂ ಸಮನಾಗಿ ಆಡುವ ಮನೆಗಳು ಗಾಳಿ ಬಂದ ಕಡೆಗೆ ತೂಗಿದವು. ಹೀಗಿರುವಲ್ಲಿ ಯಾವುದೋ ಒಂದು ಅಂಕಿಯನ್ನು ಹಿಡಿದು ‘ಇದೇ ಸತ್ಯ’ವೆಂದು ವಾದಿಸುವ ಗ್ರಂಥಗಳನ್ನು ಓದುವಾಗ ಎಚ್ಚರಿಕೆ ಬೇಕು.

ಹಂಗೇರಿಯ ಲೆಕ್ಕದಲ್ಲಿ ಮಗ್ಯಾರರೆನಿಸಿದ ಯೆಹೂದಿಯರಿಗೆ ಆ ಲೆಕ್ಕ ರಕ್ಷೆಯಾಗಲಿಲ್ಲ. ೧೯೪೪ ರ ಏಪ್ರಿಲ್ ತಿಂಗಳಲ್ಲಿ ಉಂಗ್ ಜಿಲ್ಲೆಯ ಗ್ರಾಮಗಳ ಯೆಹೂದಿ ಮನೆತನಗಳನ್ನು ಹೊರಡಿಸಿ ಉಂಗ್ವಾರಿನ ಇಟ್ಟಿಗೆ ಕಾರ್ಖಾನೆಯ ಆವರಣದಲ್ಲಿ ಕೂಡಿಹಾಕಿದರು. ಮೇ ತಿಂಗಳಲ್ಲಿ ಅಲ್ಲಿಂದ ರೈಲು ಗಾಡಿಗಳಲ್ಲಿ ಆಷ್‌ವಿಟ್ಸಿಗೆ ಸಾಗಿಸಿದರು. ಈ ಬಯಲಿನ ಗ್ರಾಮಗಳ ಜನಸಂಖ್ಯೆಯ ಯಾವ ಕೋಷ್ಟಕವನ್ನು ನೋಡಿದರೂ, ೧೯೩೦ ಮತ್ತು ೧೯೫೦ ರ ನಡುವೆ ಒಂದು ಧರ್ಮದ ಅಂಕಣ ಹೆಚ್ಚುಕಡಮೆ ಶೂನ್ಯಕ್ಕೆ ಇಳಿದಿರುವುದು ಕಾಣುತ್ತದೆ. ಇಷ್ಟು ವೇಗವಾಗಿ ಬರಿದಾದ ಅಂಕಣ ಈ ಸೀಮೆಯ ಏಳುನೂರು ವರ್ಷಗಳ ದಾಖಲೆಗಳಲ್ಲಿ ಇನ್ನೊಂದಿಲ್ಲ.

೧೯೪೪ ರ ಅಕ್ಟೋಬರ್ ೨೭ ರಂದು ಸೋವಿಯೆಟ್ ಸೈನ್ಯ ಉಜ್ಗೊರೊದನ್ನು ಹಿಡಿಯಿತು. ನವೆಂಬರ್ ೧೩ ರಂದು ಸೈನ್ಯಾಧಿಕಾರಿಗಳು ಹದಿನೆಂಟರಿಂದ ಐವತ್ತು ವಯಸ್ಸಿನ ಮಗ್ಯಾರ್ ಮತ್ತು ಜರ್ಮನ್ ಗಂಡಸರು ಹಾಜರಾಗಬೇಕೆಂದು ಆಜ್ಞೆ ಹೊರಡಿಸಿದರು. ಮೂರು ದಿನದ ‘ಸ್ವಲ್ಪ ಕೆಲಸ’ ಎಂದು ಅವರಿಗೆ ಹೇಳಲಾಯಿತು. ಹೋದವರನ್ನು ಸ್ವಾಲ್ಯಾವದ ಶಿಬಿರಕ್ಕೂ, ಅಲ್ಲಿಂದ ಮುಂದೆ ಸೋವಿಯೆಟ್ ಒಕ್ಕೂಟದ ಒಳನಾಡಿಗೂ ಸಾಗಿಸಿದರು. ಹತ್ತಾರು ಸಾವಿರ ಮಂದಿ ಹೀಗೆ ಹೋದರು. ಬಹಳ ಮಂದಿ ಹಿಂದಿರುಗಲಿಲ್ಲ. ಕಾರ್ಪೇಥಿಯದ ಮಗ್ಯಾರರು ಆ ಪ್ರಸಂಗವನ್ನು ಇಂದಿಗೂ ರಷ್ಯನ್ ಮಾತಿನ ಅಪಭ್ರಂಶದಲ್ಲಿ ‘ಮಾಲೆನ್ಕಿ ರೊಬೊತ್’ ಎಂದು ಕರೆಯುತ್ತಾರೆ.

ಮುಂದಿನ ಜೂನ್ ತಿಂಗಳಲ್ಲಿ, ೧೯೪೫ ರ ೨೯ ನೆಯ ತೇದಿ, ಜೆಕೊಸ್ಲೊವಾಕಿಯದ ಪ್ರಧಾನಿ ಫಿಯೆರ್ಲಿಂಗರ್ ಮತ್ತು ಸೋವಿಯೆಟ್ ವಿದೇಶ ಸಚಿವ ಮೊಲೊಟೋವ್ ಮಾಸ್ಕೋದಲ್ಲಿ ಒಡಂಬಡಿಕೆಗೆ ರುಜು ಮಾಡಿದರು. ಯುದ್ಧಪೂರ್ವದ ಜೆಕೊಸ್ಲೊವಾಕಿಯದ ಪೂರ್ವ ಪ್ರಾಂತವಾದ ಉಪಕಾರ್ಪೇಥಿಯ ಇದರಿಂದ ಸೋವಿಯೆಟ್ ಉಕ್ರೇನಿಗೆ ಸೇರಿತು. ಆದರೆ ಹಳೆಯ ಪ್ರಾಂತದ ಎಲ್ಲೆಗೇ ಹೊಸ ಗಡಿ ನಿಲ್ಲಲಿಲ್ಲ. ಅದು ಪಶ್ಚಿಮಕ್ಕೆ ಸರಿಯಿತು. ಚೊಪ್ ಎಂಬ ರೈಲ್ವೆ ಜಂಕ್ಷನ್ ಯುದ್ಧಪೂರ್ವದಲ್ಲಿ ಸ್ಲೊವಾಕಿಯದ ಆಡಳಿತದಲ್ಲಿತ್ತು. ಸೋವಿಯೆಟ್ ಒಕ್ಕೂಟಕ್ಕೆ ಮಧ್ಯ ಯೂರೋಪಿನ ರೈಲುದಾರಿಯ ಬಾಗಿಲಾಗಿ ಅದು ಬೇಕಾಗಿತ್ತು. ಆ ಜಂಕ್ಷನ್ನನ್ನೂ ಅದರ ಸುತ್ತಮುತ್ತಲ ಹಲಕೆಲವು ಗ್ರಾಮಗಳನ್ನೂ ಒಳಕ್ಕೆ ತೆಗೆದುಕೊಳ್ಳುವಂತೆ ಗೆರೆಯನ್ನು ಎಳೆದಾಗ ಕಿರಿಯ ಸ್ಲೆಮೆಂತ್ಸೆ ಗೆರೆಯ ಆಚೆಗೆ, ಹಿರಿಯ ಸ್ಲೆಮೆಂತ್ಸೆ ಈಚೆಗೆ ಬಿದ್ದವು. ಭಾಷೆ, ಧರ್ಮ, ನದಿ, ಬೆಟ್ಟ ಯಾವುದೂ ಈ ಗೆರೆಗೆ ಆಧಾರವಾಗಿರಲಿಲ್ಲ. ಹತ್ತಿರದ ಒಂದು ರೈಲು ನಿಲ್ದಾಣಕ್ಕಾಗಿ ಒಂದು ಬೀದಿ ತುಂಡಾಯಿತೆಂದರೆ ಅತಿಶಯೋಕ್ತಿಯಲ್ಲ.

ಆರಂಭದಲ್ಲಿ ಈ ಗೆರೆಯನ್ನು ಯಾರೂ ಶಾಶ್ವತವೆಂದು ಭಾವಿಸಿರಲಿಲ್ಲ. ಬೇಗನೆಯೇ ಅಲ್ಲಿ ಬೇಲಿ ಬಂದಿತು. ಅನಂತರ ಸೋವಿಯೆಟ್ ಗಡಿಗಳಲ್ಲಿ ಎಲ್ಲೆಡೆಯೂ ಇರುತ್ತಿದ್ದಂತೆ ಮುಳ್ಳುತಂತಿ, ಹೆಜ್ಜೆಗುರುತು ಕಾಣುವಂತೆ ಉತ್ತು ಹದಮಾಡಿದ ಮಣ್ಣಿನ ಪಟ್ಟಿ, ಕಾವಲುಗೋಪುರ ಇವೆಲ್ಲ ಬಂದವು. ಆ ದಿನ ಯಾವ ಮನೆಯಲ್ಲಿ ಮಲಗಿದ್ದರೋ ಆ ಮನೆಯ ದೇಶಕ್ಕೆ ಜನ ಸೇರಿದರು. ಒಂದೇ ತಾಯಿಯ ಮಕ್ಕಳು ಎರಡು ರಾಜ್ಯಗಳ ಪ್ರಜೆಗಳಾದರು. ಬೇಲಿಯ ಬಳಿ ನಿಂತು ಮಾತನಾಡುವುದು ನಿಷಿದ್ಧವಾಗಿತ್ತು. ಹೊಲದಲ್ಲಿ ಕೆಲಸ ಮಾಡುವ ಹೆಂಗಸರು ಹಾಡಿನ ಧಾಟಿಯಲ್ಲಿ ಸುದ್ದಿಯನ್ನು ಹೆಣೆದು ಆಚೆಗೆ ಕೇಳುವಂತೆ ಹಾಡುತ್ತಿದ್ದರೆಂದು ಗ್ರಾಮದ ಹಿರಿಯರು ಹೇಳಿರುವರು: ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರು ತೀರಿಕೊಂಡರು ಎಂಬುದೆಲ್ಲ ರಾಗದಲ್ಲಿ ದಾಟುತ್ತಿತ್ತು. ಶವಯಾತ್ರೆಯನ್ನು ಬೇಲಿಯ ಹತ್ತಿರದಿಂದ ಕೊಂಡೊಯ್ದು, ಆಚೆಯ ಬಂಧುಗಳು ದೂರದಿಂದಲೇ ನೋಡುವಂತೆ ಕೆಲವು ಕ್ಷಣ ನಿಲ್ಲಿಸುತ್ತಿದ್ದ ವಿಚಾರವೂ ಇಂಥ ಕಥನಗಳಲ್ಲಿ ಬರುತ್ತದೆ. ಹಂಗೇರಿಯ ಲೇಖಕ ಮಿಕ್ಲೋಶ್ ಜೆಲೆಯಿ ಈ ಸಾಕ್ಷ್ಯಗಳನ್ನು ಸಂಗ್ರಹಿಸಿ ೨೦೦೦ ದಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಬಾಯಿಮಾತಿನ ಸಾಕ್ಷ್ಯಗಳನ್ನು ಇತಿಹಾಸಕಾರನು ಜರಡಿ ಹಿಡಿದೇ ಸ್ವೀಕರಿಸಬೇಕು. ಆದರೂ ಗಡಿಯ ಎರಡು ಬದಿಯವರೂ ಒಂದೇ ಬಗೆಯಾಗಿ ಹೇಳುವ ಮಾತಿಗೆ ತೂಕವಿದೆ.

ಗಡಿಯಾರವೂ ಗ್ರಾಮವನ್ನು ಸೀಳಿತು. ಆಚೆಯ ಬದಿ ಮಾಸ್ಕೋ ಕಾಲವನ್ನು ಅನುಸರಿಸಿತು, ಈಚೆಯದು ಮಧ್ಯ ಯೂರೋಪಿನ ಕಾಲವನ್ನು. ಬೀದಿಯ ಈ ತುದಿಯಲ್ಲಿ ಬೆಳಗಿನ ಆರು ಗಂಟೆಯಾದರೆ ಆ ತುದಿಯಲ್ಲಿ ಎಂಟು. ಒಂದೇ ಸೂರ್ಯನ ಕೆಳಗೆ, ಕೂಗಳತೆಯ ದೂರದಲ್ಲಿ, ಹೊಸ ವರ್ಷವು ಎರಡು ಗಂಟೆಯ ಅಂತರದಲ್ಲಿ ಎರಡು ಬಾರಿ ಬರುತ್ತಿತ್ತು.

ಈಚೆಯ ಬದಿಯಲ್ಲಿ ಉಳಿದವರು ಸುಖವಾಗಿದ್ದರೆಂದು ತಿಳಿಯಬಾರದು. ೧೯೪೫ ರ ಆಗಸ್ಟ್ ೨ ರಂದು ಜೆಕೊಸ್ಲೊವಾಕಿಯದ ಅಧ್ಯಕ್ಷನ ೩೩ ನೆಯ ಸಂಖ್ಯೆಯ ಶಾಸನವು ಜರ್ಮನರ ಜೊತೆಗೆ ಮಗ್ಯಾರರ ಪೌರತ್ವವನ್ನೂ ಕಿತ್ತುಕೊಂಡಿತು. ಮಗ್ಯಾರ್ ಶಾಲೆಗಳು ಮುಚ್ಚಿದವು. ೧೯೪೬ ರ ಫೆಬ್ರುವರಿಯಲ್ಲಿ ಹಂಗೇರಿಯೊಡನೆ ಜನ ವಿನಿಮಯದ ಕರಾರಾಯಿತು. ಅದರಂತೆ ಸ್ಲೊವಾಕಿಯದಿಂದ ಸುಮಾರು ೮೯,೦೦೦ ಮಗ್ಯಾರರನ್ನು ಹಂಗೇರಿಗೆ ಕಳುಹಿಸಲಾಯಿತು, ಅಲ್ಲಿಂದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಸ್ಲೊವಾಕರು ಬಂದರು. ಅದೇ ವರ್ಷದ ಚಳಿಗಾಲದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಮಗ್ಯಾರರನ್ನು ಜೆಕ್ ಪ್ರಾಂತಗಳ ಹೊಲಗಳಿಗೆ ಕಡ್ಡಾಯವಾಗಿ ಸಾಗಿಸಿದರು. ಇದರ ನಡುವೆ ‘ಪುನಃ ಸ್ಲೊವಾಕೀಕರಣ’ ಎಂಬ ಒಂದು ಕ್ರಮ ಜಾರಿಗೆ ಬಂದಿತು: ತಾನು ಮೂಲದಲ್ಲಿ ಸ್ಲೊವಾಕನೆಂದು ಅರ್ಜಿ ಬರೆದುಕೊಟ್ಟವನಿಗೆ ಪೌರತ್ವವೂ ಮನೆಯೂ ಉಳಿಯುವ ಭರವಸೆ. ನಾಲ್ಕು ಲಕ್ಷಕ್ಕೂ ಮಿಕ್ಕ ಜನ ಅರ್ಜಿ ಸಲ್ಲಿಸಿದರು. ಸುಮಾರು ೩,೨೭,೦೦೦ ಮಂದಿಯದು ಅಂಗೀಕೃತವಾಯಿತು. ಹಿರಿಯ ಸ್ಲೆಮೆಂತ್ಸೆಯ ಒಕ್ಕಲಿಗನಿಗೆ ಎದುರಾದ ಸಂದಿಗ್ಧವನ್ನು ಇಲ್ಲಿ ಊಹಿಸಿಕೊಳ್ಳಬಹುದು. ಬೀದಿಯ ಆಚೆಯ ಅಣ್ಣನು ಸೋವಿಯೆಟ್ ಪ್ರಜೆ. ಈಚೆಯ ತಮ್ಮನು ಯಾವ ದೇಶಕ್ಕೂ ಸೇರದವನು.

ಇದರ ಪರಿಣಾಮವು ಅಂಕಿಗಳಲ್ಲಿ ಎದ್ದು ಕಾಣುತ್ತದೆ. ಸ್ಲೊವಾಕಿಯದಲ್ಲಿ ೧೯೩೦ ರಲ್ಲಿ ಐದು ಲಕ್ಷ ಎಪ್ಪತ್ತು ಸಾವಿರಕ್ಕೂ ಮೇಲಿದ್ದ ಮಗ್ಯಾರರು ೧೯೫೦ ರ ಗಣತಿಯಲ್ಲಿ ೩,೫೪,೫೩೨ ಮಾತ್ರ. ಹನ್ನೊಂದು ವರ್ಷದ ಅನಂತರ, ೧೯೬೧ ರಲ್ಲಿ, ಅವರು ೫,೧೮,೭೮೨. ಹನ್ನೊಂದು ವರ್ಷದಲ್ಲಿ ಯಾವ ಜನಾಂಗವೂ ಸಂತಾನದಿಂದ ಹೀಗೆ ಬೆಳೆಯಲಾರದು. ಹೊರಗಿನಿಂದ ಬಂದವರೂ ಇಲ್ಲ. ೧೯೪೮ ರ ಅಕ್ಟೋಬರ್ ತಿಂಗಳ ಕಾನೂನು ಪೌರತ್ವವನ್ನು ಮರಳಿಸಿದ ಮೇಲೆಯೂ ಕೆಲವು ವರ್ಷ ಹೆದರಿಕೆ ಉಳಿದಿತ್ತು. ೧೯೫೦ ರ ಗಣತಿಯವನ ಮುಂದೆ ಬಾಯಿ ಬಿಡದವರು ೧೯೬೧ ರಲ್ಲಿ ತಮ್ಮ ಹೆಸರಿನ ಮುಂದೆ ಇದ್ದದ್ದನ್ನು ಬರೆಸಿದರು. ಆದುದರಿಂದ ೧೯೫೦ ರ ಅಂಕಿಯನ್ನು ಜನಸಂಖ್ಯೆಯ ಅಳತೆಯೆಂದು ಓದುವುದಕ್ಕಿಂತ ಭಯದ ಅಳತೆಯೆಂದು ಓದುವುದು ಹೆಚ್ಚು ಸರಿ.

ಬಾಗಿಲು ಮುಚ್ಚಿದ್ದು ಜನರಿಗೆ, ಸರಕಿಗಲ್ಲ. ೧೯೬೬ ರಲ್ಲಿ ಸೋವಿಯೆಟ್ ಅಗಲದ ರೈಲುದಾರಿಯೊಂದನ್ನು ಉಜ್ಗೊರೊದಿನಿಂದ ಕೊಶಿತ್ಸೆ ನಗರದ ಹೊಸ ಉಕ್ಕಿನ ಕಾರ್ಖಾನೆಯ ಬಳಿಯವರೆಗೆ ಹಾಕಲಾಯಿತು. ಅದು ಗಡಿಯನ್ನು ದಾಟುವುದು ಸ್ಲೆಮೆಂತ್ಸೆಯ ನೆರೆಯ ಮಾತ್ಯೊವ್ಸ್ಕೆ ವೊಯ್ಕೊವ್ತ್ಸೆ ಎಂಬ ಗ್ರಾಮದ ಬಳಿ. ಕಬ್ಬಿಣದ ಅದಿರನ್ನು ಹೊತ್ತ ಗಾಡಿಗಳು ಗಡಿಯನ್ನು ಹಾಯ್ದವು. ಮುಂದಿನ ವರ್ಷ ಅನಿಲದ ಕೊಳವೆಯೂ ಬಂದಿತು. ನೆರೆಯ ವೆಲ್ಕೇ ಕಪುಶನಿಯ ಪಂಪು ಠಾಣೆ ಪಶ್ಚಿಮ ಯೂರೋಪಿಗೆ ಅನಿಲ ತಲಪಿಸುವ ಹೆಸರಾಂತ ಸ್ಥಳವಾಯಿತು. ಉಕ್ರೇನಿನ ಮೂಲಕ ಬರುತ್ತಿದ್ದ ಆ ರಷ್ಯನ್ ಅನಿಲ ೨೦೨೫ ರ ಜನವರಿ ೧ ರಂದು ನಿಂತುಹೋಯಿತು. ಹತ್ತಿರದ ವೊಯಾನಿಯ ಉಷ್ಣ ವಿದ್ಯುತ್ ಸ್ಥಾವರ ೧೯೬೦ ರ ದಶಕದಿಂದ ಈ ಬಯಲಿನ ಗ್ರಾಮಸ್ಥರಿಗೆ ನೌಕರಿ ಕೊಟ್ಟಿತು. ಅದೂ ೨೦೨೪ ರಲ್ಲಿ ಮುಚ್ಚಿತು. ಗಡಿಯಿಂದಾಗಿ ಉಜ್ಗೊರೊದಿನ ಸಂತೆಯನ್ನು ಕಳೆದುಕೊಂಡ ಹಿರಿಯ ಸ್ಲೆಮೆಂತ್ಸೆ ಈ ಕಾರಣಗಳಿಂದ ಪಶ್ಚಿಮಕ್ಕೆ, ಕಪುಶನಿಯ ಕಡೆಗೆ ಮುಖ ತಿರುಗಿಸಿತು. ಕಿರಿಯ ಸ್ಲೆಮೆಂತ್ಸೆ ಉಜ್ಗೊರೊದಿನ ಕಡೆಗೇ ಉಳಿಯಿತು. ಒಂದೇ ಬೀದಿ ಹೀಗೆ ಎರಡು ದಿಕ್ಕಿಗೆ ನೋಡುವಂತಾಯಿತು.

ಕಾಲಾಂತರದಲ್ಲಿ ಆಹ್ವಾನಪತ್ರ, ಅನುಮತಿ, ರಹದಾರಿಗಳನ್ನು ಪಡೆದು ಭೇಟಿ ಮಾಡುವ ಅವಕಾಶವೇನೋ ಬಂದಿತು. ಆದರೆ ಹೋಗಬೇಕಾದುದು ಉತ್ತರದ ವಿಶ್ನೇ ನೆಮೆತ್ಸ್ಕೇ ಎಂಬ ಸುಂಕದ ಕಟ್ಟೆಯ ಮೂಲಕ. ಕೆಲವು ನೂರು ಹೆಜ್ಜೆಯ ದಾರಿಗೆ ಹತ್ತಾರು ಕಿಲೋಮೀಟರು ಸುತ್ತು. ೧೯೯೧ ರ ಆಗಸ್ಟ್ ೨೪ ರಂದು ಉಕ್ರೇನ್ ಸ್ವತಂತ್ರವೆಂದು ಘೋಷಿಸಿಕೊಂಡಿತು. ೧೯೯೩ ರ ಜನವರಿ ೧ ರಂದು ಸ್ಲೊವಾಕಿಯ ಸ್ವತಂತ್ರ ಗಣರಾಜ್ಯವಾಯಿತು. ಗಡಿಯ ಎರಡು ಕಡೆಯ ರಾಜ್ಯಗಳೂ ಬದಲಾದವು, ಗಡಿ ಬದಲಾಗಲಿಲ್ಲ. ೧೯೧೦ ರಲ್ಲಿ ಕಿರಿಯ ಊರಿನಲ್ಲಿ ಹುಟ್ಟಿ ೧೯೯೨ ರವರೆಗೆ ಬದುಕಿದವಳೊಬ್ಬಳು ತನ್ನ ಅಂಗಳವನ್ನು ಬಿಟ್ಟು ಕದಲದೆ ಹಂಗೇರಿಯ ರಾಜ್ಯ, ಜೆಕೊಸ್ಲೊವಾಕಿಯ, ಮತ್ತೆ ಹಂಗೇರಿ, ಸೋವಿಯೆಟ್ ಒಕ್ಕೂಟ, ಉಕ್ರೇನ್ ಎಂಬ ಐದು ಆಳ್ವಿಕೆಗಳನ್ನು ಕಂಡಿರುವಳು.

ಬಾಗಿಲು ತೆರೆಯಬೇಕೆಂಬ ಬೇಡಿಕೆಯನ್ನು ಎರಡು ಗ್ರಾಮಗಳೂ ಒಟ್ಟಾಗಿ ಮುಂದಿಟ್ಟವು. ೨೦೦೩ ರಲ್ಲಿ ಟ್ರಾನ್ಸಿಲ್ವೇನಿಯದ ಸೆಕೆಯ್ ಜನರ ಸಂಪ್ರದಾಯದ ಕೆತ್ತನೆಯ ಮರದ ಹೆಬ್ಬಾಗಿಲೊಂದನ್ನು ನಡುವೆ ಸೀಳಿ, ಒಂದು ಅರ್ಧವನ್ನು ಈಚೆಗೂ ಇನ್ನೊಂದನ್ನು ಆಚೆಗೂ ನಿಲ್ಲಿಸಿದರು. ೨೦೦೪ ರಲ್ಲಿ ಈ ವಿಚಾರ ಅಮೆರಿಕದ ಕಾಂಗ್ರೆಸ್ಸಿನ ಮಾನವ ಹಕ್ಕುಗಳ ಸದಸ್ಯಕೂಟದ ಮುಂದೆಯೂ ಹೋಯಿತು. ಕೊನೆಗೆ ೨೦೦೫ ರ ಡಿಸೆಂಬರ್ ೨೩ ರಂದು, ಕ್ರಿಸ್‌ಮಸ್ಸಿಗೆ ಎರಡು ದಿನ ಮುಂಚೆ, ಕಾಲುನಡೆಯವರಿಗೂ ಸೈಕಲ್ ಸವಾರರಿಗೂ ಮಾತ್ರ ಮೀಸಲಾದ ಒಂದು ಗಡಿದ್ವಾರ ತೆರೆಯಿತು. ಬೇಲಿ ಎದ್ದು ಸುಮಾರು ಅರುವತ್ತು ವರ್ಷಗಳಾಗಿದ್ದವು. ತಂಗಿಯನ್ನು ಬೇಲಿಯ ಆಚೆ ಬಿಟ್ಟು ಬಂದ ತರುಣರು ಆ ವೇಳೆಗೆ ಎಂಬತ್ತರ ಮುದುಕರು.

ಆದರೆ ಕಥೆ ಅಲ್ಲಿಗೆ ಸುಖಾಂತವಾಗಲಿಲ್ಲ. ಸ್ಲೊವಾಕಿಯ ೨೦೦೪ ರ ಮೇ ೧ ರಂದು ಯೂರೋಪಿಯನ್ ಒಕ್ಕೂಟವನ್ನು ಸೇರಿತ್ತು. ೨೦೦೭ ರ ಡಿಸೆಂಬರ್ ೨೧ ರಂದು ಅದು ಷೆಂಗೆನ್ ವ್ಯವಸ್ಥೆಗೆ ಪ್ರವೇಶಿಸಿತು. ಪಶ್ಚಿಮದಲ್ಲಿ ಗಡಿಗಳು ಅಳಿದದ್ದನ್ನು ಯೂರೋಪು ಆಚರಿಸಿತು. ಪೂರ್ವದ ಈ ಗಡಿ ಆ ಒಕ್ಕೂಟದ ಹೊರಗೋಡೆಯಾಯಿತು. ಸ್ಲೊವಾಕ್ ಕಡೆಯವರು ವೀಸಾ ಇಲ್ಲದೆ ಉಕ್ರೇನಿಗೆ ಹೋಗಬಹುದಾಗಿತ್ತು. ಆಚೆಯವರು ಈಚೆಗೆ ಬರಲು ಷೆಂಗೆನ್ ವೀಸಾಕ್ಕೆ ಹಣ ಕಟ್ಟಬೇಕಾಗಿತ್ತು. ಹೀಗೆ ಬಾಗಿಲು ಒಂದು ಕಡೆಗೆ ಮಾತ್ರ ತೆರೆಯುವಂತಾಯಿತು. ೨೦೦೮ ರಲ್ಲಿ ಜಾರಿಗೆ ಬಂದ ಸ್ಥಳೀಯ ಗಡಿ ಸಂಚಾರದ ಕರಾರು ಇದನ್ನು ಅಷ್ಟಿಷ್ಟು ಸಡಿಲಿಸಿತು. ಹಂಗೇರಿಯ ಸರ್ಕಾರ ೨೦೧೦ ರಲ್ಲಿ ಪೌರತ್ವದ ಕಾನೂನನ್ನು ತಿದ್ದಿ, ಹೊರದೇಶಗಳ ಮಗ್ಯಾರರಿಗೆ ಸುಲಭವಾಗಿ ಪೌರತ್ವ ಕೊಡಲಾರಂಭಿಸಿದಾಗ ಉಪಕಾರ್ಪೇಥಿಯದ ಬಹಳ ಮಂದಿ ಅದನ್ನು ಪಡೆದರು. ಕಿರಿಯ ಊರಿನವನು ಬೀದಿಯ ಆಚೆಯ ಅಣ್ಣನ ಮನೆಗೆ ಸ್ಲೊವಾಕಿಯದ ದಾರಿಯಲ್ಲಿ, ಮೂರನೆಯ ದೇಶವಾದ ಹಂಗೇರಿಯ ರಹದಾರಿ ಹಿಡಿದು ಹೋಗುವುದು ಸಾಧ್ಯವಾಯಿತು. ಸ್ಲೊವಾಕಿಯವಾದರೋ ಅದೇ ವರ್ಷ, ಬೇರೆ ದೇಶದ ಪೌರತ್ವವನ್ನು ಪಡೆದ ತನ್ನ ಪ್ರಜೆ ಸ್ಲೊವಾಕ್ ಪೌರತ್ವವನ್ನು ಕಳೆದುಕೊಳ್ಳುವನೆಂದು ಪ್ರತಿಕಾನೂನು ಮಾಡಿತು; ಈಚೆಯ ಅಣ್ಣನಿಗೆ ಆ ರಹದಾರಿ ದಕ್ಕಲಿಲ್ಲ. ಉಕ್ರೇನಿನ ಪ್ರಜೆಗಳಿಗೆ ವೀಸಾರಹಿತ ಪ್ರವಾಸ ದೊರೆತದ್ದು ೨೦೧೭ ರ ಜೂನ್ ೧೧ ರಂದು.

ದ್ವಾರ ತೆರೆದ ಮೇಲೆ ಕಿರಿಯ ಊರಿನ ಬೀದಿಯಲ್ಲಿ ಅಂಗಡಿಗಳು ಸಾಲಾಗಿ ಎದ್ದವು. ಬಟ್ಟೆ, ಪಾದರಕ್ಷೆ, ಸಿಗರೇಟು, ಮದ್ಯ ಇವುಗಳ ಬೆಲೆ ಉಕ್ರೇನಿನಲ್ಲಿ ಕಡಮೆಯಾದುದರಿಂದ ಪೂರ್ವ ಸ್ಲೊವಾಕಿಯದ ಪಟ್ಟಣಗಳವರು ಮೋಟಾರುಗಳನ್ನು ಹಿರಿಯ ಊರಿನಲ್ಲಿ ನಿಲ್ಲಿಸಿ, ನಡೆದು ದಾಟಿ, ಚೀಲ ತುಂಬಿಕೊಂಡು ಹಿಂದಿರುಗುತ್ತಿದ್ದರು. ಬಂಧುಗಳ ಭೇಟಿಗೆಂದು ಕೇಳಿ ಪಡೆದ ಬಾಗಿಲು ಹೆಚ್ಚಾಗಿ ಗಿರಾಕಿಗಳಿಗೆ ಒದಗಿತೆಂದು ಕೆಲವರು ಕೊರಗುತ್ತಾರೆ. ಈ ಕೊರಗಿನಲ್ಲಿ ಅರ್ಧ ಸತ್ಯವಿದೆ. ಉಜ್ಗೊರೊದಿನ ಸಂತೆಯಿಂದಲೇ ಬಾಳಿದ ಗ್ರಾಮಕ್ಕೆ ವ್ಯಾಪಾರ ಹೊಸದೇನಲ್ಲ. ಸಂತೆಯೇ ಈಗ ಊರೊಳಕ್ಕೆ ಬಂದಿತೆನ್ನಬೇಕು. ಬಂಧುಗಳೋ, ಪರಸ್ಪರ ನೋಡದೆ ಎರಡು ತಲೆಮಾರು ಕಳೆದಿತ್ತು. ಆಚೆಯವರ ಮಕ್ಕಳು ಶಾಲೆಯಲ್ಲಿ ರಷ್ಯನ್, ಅನಂತರ ಉಕ್ರೇನಿಯನ್ ಕಲಿತರು. ಈಚೆಯವರ ಮಕ್ಕಳು ಸ್ಲೊವಾಕ್ ಕಲಿತರು. ಮನೆಯ ಮಗ್ಯಾರ್ ಇಲ್ಲದೆ ಹೋಗಿದ್ದರೆ ದ್ವಾರ ತೆರೆದ ದಿನ ಅವರಿಗೆ ಆಡಲು ಮಾತೇ ಇರುತ್ತಿರಲಿಲ್ಲ.

ಆ ಭಾಷೆಯವರ ಸಂಖ್ಯೆ ಎರಡು ಬದಿಯಲ್ಲಿಯೂ ಇಳಿಯುತ್ತಿದೆ. ಸ್ಲೊವಾಕಿಯದಲ್ಲಿ ಮಗ್ಯಾರರು ೧೯೯೧ ರಲ್ಲಿ ೫,೬೭,೨೯೬. ೨೦೦೧ ರಲ್ಲಿ ೫,೨೦,೫೨೮. ೨೦೧೧ ರಲ್ಲಿ ೪,೫೮,೪೬೭. ೨೦೨೧ ರಲ್ಲಿ ೪,೨೨,೦೬೫. ಈ ಕೊನೆಯ ಗಣತಿಯಲ್ಲಿ ಎರಡನೆಯ ರಾಷ್ಟ್ರೀಯತೆಯೊಂದನ್ನು ಬರೆಸಲು ಮೊದಲ ಬಾರಿಗೆ ಅವಕಾಶವಿತ್ತು. ಮೂವತ್ತನಾಲ್ಕು ಸಾವಿರದಷ್ಟು ಮಂದಿ ಮಗ್ಯಾರ್ ಎಂದು ಆ ಎರಡನೆಯ ಅಂಕಣದಲ್ಲಿ ಬರೆಸಿದರು. ಹಿಂದಿನ ಗಣತಿಗಳು ಒಂದೇ ಉತ್ತರವನ್ನು ಬಲವಂತಪಡಿಸಿದ್ದರಿಂದ ಎಷ್ಟು ಮನೆಗಳು ಮರೆಯಾಗಿದ್ದವೆಂಬುದು ಇದರಿಂದ ತಿಳಿಯುತ್ತದೆ. ಉಕ್ರೇನಿನ ಕಡೆ, ಉಪಕಾರ್ಪೇಥಿಯದಲ್ಲಿ, ೧೯೮೯ ರ ಸೋವಿಯೆಟ್ ಗಣತಿಯಂತೆ ಮಗ್ಯಾರರು ೧,೫೫,೭೧೧. ೨೦೦೧ ರ ಉಕ್ರೇನ್ ಗಣತಿಯಂತೆ ೧,೫೧,೫೧೬. ಸ್ವತಂತ್ರ ಉಕ್ರೇನ್ ನಡೆಸಿದ ಗಣತಿ ಅದೊಂದೇ. ಆದ್ದರಿಂದ ಕಿರಿಯ ಸ್ಲೆಮೆಂತ್ಸೆಯ ವಿಚಾರದಲ್ಲಿ ಇಂದಿನ ಯಾವ ನಿಖರ ಅಂಕಿಯೂ ಗಣತಿಯಿಂದ ಬಂದುದಲ್ಲವೆಂಬುದನ್ನು ಸಂಶೋಧಕರು ಗಮನಿಸಬೇಕು. ರಹದಾರಿ ಹಿಡಿದು ಬುಡಾಪೆಸ್ಟಿಗೋ ಪ್ರಾಗಿಗೋ ದುಡಿಯಲು ಹೋದ ತರುಣನ ಹೆಸರು ಊರಿನ ಪಟ್ಟಿಯಲ್ಲಿ ಇರುತ್ತದೆ, ಅವನು ಊರಿನಲ್ಲಿ ಇರುವುದಿಲ್ಲ.

೨೦೨೨ ರ ಫೆಬ್ರುವರಿ ೨೪ ರಂದು ರಷ್ಯ ಉಕ್ರೇನಿನ ಮೇಲೆ ದಂಡೆತ್ತಿ ಬಂದಿತು. ಕಾಲುನಡೆಗೆಂದು ಕಟ್ಟಿದ ಸ್ಲೆಮೆಂತ್ಸೆಯ ದ್ವಾರದಲ್ಲಿ ಮೊದಲ ವಾರಗಳಲ್ಲಿ ನಿರಾಶ್ರಿತರು ತುಂಬಿದರು. ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಸೈನಿಕ ಶಾಸನದ ಮೇರೆಗೆ ಉಕ್ರೇನ್ ತನ್ನ ಹದಿನೆಂಟರಿಂದ ಅರುವತ್ತು ವಯಸ್ಸಿನ ಪುರುಷರು ದೇಶವನ್ನು ಬಿಡದಂತೆ ನಿರ್ಬಂಧಿಸಿತು. ಆ ವಯಸ್ಸಿನ ಕಿರಿಯ ಊರಿನವರಿಗೆ ಹಿರಿಯ ಊರು ಮತ್ತೊಮ್ಮೆ ಕಣ್ಣಿಗೆ ಕಾಣುವ, ಕಾಲಿಗೆ ಎಟುಕದ ಊರಾಯಿತು. ೨೦೨೫ ರ ಆಗಸ್ಟ್ ತಿಂಗಳಲ್ಲಿ ಇಪ್ಪತ್ತೆರಡು ವಯಸ್ಸಿನವರೆಗಿನ ತರುಣರಿಗೆ ಈ ನಿರ್ಬಂಧವನ್ನು ಸಡಿಲಿಸಲಾಯಿತು. ಉಕ್ರೇನ್ ಮಾಸ್ಕೋ ಕಾಲವನ್ನು ೧೯೯೦ ರ ಸುಮಾರಿಗೇ ಕೈಬಿಟ್ಟಿತ್ತು; ಬೀದಿಯ ಎರಡು ತುದಿಗಳ ಗಡಿಯಾರಗಳ ನಡುವೆ ಅಂದಿನಿಂದ ಒಂದು ಗಂಟೆಯ ಅಂತರವಿದೆ.